ನಾಲ್ಕು ಕಿಲೋಮೀಟರ್ ಆಳದ ಗಣಿಗೆ ನಮ್ಮ ದುಡ್ಡು

ತಾನು ಮಾಡಲಿರುವ ಕೆಲಸದಿಂದ ಅಲ್ಲಿನ ಜೀವಿಗಳಿಗೆ ತೊಂದರೆ ಆಗುವುದು ಖಚಿತ. ಆ ತೊಂದರೆ ಎಷ್ಟರಮಟ್ಟಿನದು ಎಂಬುದು ಎಂದಿಗೂ ಪೂರ್ತಿ ಗೊತ್ತಾಗದೆಯೇ ಹೋಗಬಹುದು. ಈ ಅರ್ಥದ ಮಾತು ಯಾವ ಪರಿಸರ ಸಂಘಟನೆಯ ಕರಪತ್ರದ್ದೂ ಅಲ್ಲ. ಸಮುದ್ರದ ತಳದಲ್ಲಿ ಗಣಿಗಾರಿಕೆ ಮಾಡಲು ಹೊರಟ ಕಂಪನಿಯೇ 2021ರಲ್ಲಿ ಅಮೆರಿಕದ ಷೇರು ಮಾರುಕಟ್ಟೆಗೆ ಕಾಲಿಡುವ ಹೊತ್ತಿಗೆ, ಅಲ್ಲಿನ ನಿಯಂತ್ರಣ ಸಂಸ್ಥೆಗೆ ಸಲ್ಲಿಸಿದ ಕಾಗದಪತ್ರಗಳಲ್ಲಿ ಹಾಗೆ ಬರೆದುಕೊಟ್ಟಿದೆ. ಕಂಪನಿಯ ಹೆಸರು 'ದಿ ಮೆಟಲ್ಸ್ ಕಂಪನಿ'. ಮೂಲ ಕೆನಡಾ, ಷೇರು ವಹಿವಾಟು ನ್ಯಾಸ್‌ಡ್ಯಾಕ್‌ನಲ್ಲಿ.

ಅಪಾಯಗಳನ್ನು ಪಟ್ಟಿ ಮಾಡುವ ಆ ಪುಟಗಳನ್ನು ಹೆಚ್ಚಿನವರು ಓದುವುದಿಲ್ಲ. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು ನಾನು. ಅರ್ಜಿದಾರ ತನ್ನ ಬಗ್ಗೆ ಹೇಳಿಕೊಂಡ ಒಳ್ಳೆಯ ಮಾತುಗಳಿಗಿಂತ, ಕಾನೂನಿಗೆ ಹೆದರಿ ಬರೆದ ಸಣ್ಣಕ್ಷರದ ಮಾತುಗಳಲ್ಲಿ ಹೆಚ್ಚು ವಿಷಯ ಇರುತ್ತದೆಂದು ಆ ಕುರ್ಚಿ ಕಲಿಸಿದೆ. ಈ ಕಂಪನಿಯ ಕಾಗದ ನನ್ನ ಕೈಗೆ ಬಂದದ್ದು ಅಣ್ಣನ ಮಗನಿಂದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ಹುಡುಗ, ಮೊಬೈಲಿನಲ್ಲೇ ಅಮೆರಿಕದ ಷೇರು ಕೊಳ್ಳುತ್ತಾನೆ. 'ಅತ್ತೆ, ಇದು ಈ ವರ್ಷ ಎಷ್ಟೋ ಪಟ್ಟು ಏರಿದೆ. ಬ್ಯಾಟರಿಗೆ ಬೇಕಾದ ನಿಕ್ಕಲ್, ಕೋಬಾಲ್ಟ್ ಎಲ್ಲ ಇನ್ನು ಸಮುದ್ರದಿಂದಲೇ ಬರುತ್ತದಂತೆ. ಸ್ವಲ್ಪ ನೋಡಿ ಹೇಳ್ತೀರಾ?' ಎಂದು ಕೇಳಿದ. ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಲ್ಲಿ ಒಬ್ಬ ವ್ಯಕ್ತಿ ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್‌ವರೆಗೆ ಹೊರದೇಶಕ್ಕೆ ಕಳಿಸಬಹುದು. ಹಾಗಾಗಿ ಪೆಸಿಫಿಕ್ ಸಾಗರದ ತಳ ಇವತ್ತು ಜಯನಗರದ ಹುಡುಗನ ಉಳಿತಾಯಕ್ಕೆ ಅಷ್ಟೇನೂ ದೂರದ್ದಲ್ಲ.

ಮೊದಲು, ಅಲ್ಲಿ ಇರುವುದೇನು? ಹವಾಯಿ ದ್ವೀಪಗಳಿಗೂ ಮೆಕ್ಸಿಕೋಗೂ ನಡುವೆ ಕ್ಲಾರಿಯನ್-ಕ್ಲಿಪ್ಪರ್ಟನ್ ವಲಯ ಎಂಬ ಪ್ರದೇಶವಿದೆ. ವಿಸ್ತೀರ್ಣ ಸುಮಾರು 45 ಲಕ್ಷ ಚದರ ಕಿಲೋಮೀಟರ್, ಭಾರತಕ್ಕಿಂತ ದೊಡ್ಡದು. ನಾಲ್ಕರಿಂದ ಆರು ಕಿಲೋಮೀಟರ್ ಆಳದ ಅದರ ಕೆಸರು ನೆಲದ ಮೇಲೆ ಕಪ್ಪು ಉಂಡೆಗಳು ಹರಡಿಕೊಂಡಿವೆ. ಬಹುಲೋಹ ಗಂಟು ಎಂದೂ ನಾಡ್ಯೂಲ್ ಎಂದೂ ಅವನ್ನು ಕರೆಯುತ್ತಾರೆ. ಬ್ರಿಟನ್ನಿನ 'ಚಾಲೆಂಜರ್' ಹಡಗು 1873ರಲ್ಲೇ ಇಂಥವನ್ನು ಮೇಲೆತ್ತಿತ್ತು. ಗೋವಾದ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಗೆ ಹೋಗಿದ್ದಾಗ ಒಂದನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೇಲ್ಮೈ ಒರಟು, ಬೆರಳಿಗೆ ಮಸಿ ಹತ್ತುತ್ತದೆ. ಸೀಳಿ ಇಟ್ಟ ಇನ್ನೊಂದರ ಒಳಗೆ ಸುತ್ತು ಸುತ್ತಾಗಿ ಪದರಗಳು. ಯಾವುದೋ ಕಾಲದಲ್ಲಿ ತಳಕ್ಕೆ ಬಿದ್ದ ಶಾರ್ಕ್ ಹಲ್ಲಿನ ಸುತ್ತಲೋ ಶಂಖದ ಚೂರಿನ ಸುತ್ತಲೋ ನೀರಿನಲ್ಲಿ ಕರಗಿದ್ದ ಮ್ಯಾಂಗನೀಸ್, ಕಬ್ಬಿಣ, ನಿಕ್ಕಲ್, ತಾಮ್ರ, ಕೋಬಾಲ್ಟ್ ಕಣಕಣವಾಗಿ ಕೂಡಿ ಅದು ಬೆಳೆಯುತ್ತದೆ. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರ್. ನನ್ನ ಅಂಗೈ ತುಂಬಿದ್ದ ಆ ಗಂಟು ಬೆಳೆಯಲು ಶುರುವಾದಾಗ ಭೂಮಿಯ ಮೇಲೆ ಮನುಷ್ಯ ಇರಲಿಲ್ಲ.

ಇದನ್ನು ಎತ್ತುವ ವಿಧಾನ ಕೇಳಲು ಸರಳ. ಹಡಗಿನಿಂದ ಭಾರಿ ಯಂತ್ರವೊಂದನ್ನು ತಳಕ್ಕೆ ಇಳಿಸುತ್ತಾರೆ. ಅದು ಕೆಸರಿನ ಮೇಲೆ ಚಲಿಸುತ್ತ ನೀರಿನ ಜೋರಾದ ಚಿಮ್ಮುಗೆಯಿಂದ ಗಂಟುಗಳನ್ನು ಎಬ್ಬಿಸಿ ಒಳಗೆ ಎಳೆದುಕೊಳ್ಳುತ್ತದೆ. ಮೇಲ್ಪದರದ ಕೆಲವು ಸೆಂಟಿಮೀಟರ್ ಮಣ್ಣೂ ಜೊತೆಗೆ ಬರುತ್ತದೆ. ಒಂದಷ್ಟು ಮಣ್ಣು ಅಲ್ಲೇ ಹಿಂದೆ ಬೀಳುತ್ತದೆ. ಗಂಟುಗಳು ಉದ್ದನೆಯ ಕೊಳವೆಯಲ್ಲಿ ಹಡಗಿಗೆ ಏರುತ್ತವೆ. ಅಲ್ಲಿ ಬೇರ್ಪಡಿಸಿದ ಮೇಲೆ ಉಳಿದ ರಾಡಿ ನೀರನ್ನು ಮತ್ತೆ ಸಮುದ್ರದ ನಡುಪದರಕ್ಕೆ ಬಿಡುತ್ತಾರೆ. 2022ರ ಕೊನೆಯ ತಿಂಗಳುಗಳಲ್ಲಿ ದಿ ಮೆಟಲ್ಸ್ ಕಂಪನಿ ಮತ್ತು ಅದರ ಪಾಲುದಾರ ಆಲ್‌ಸೀಸ್ 'ಹಿಡನ್ ಜೆಮ್' ಎಂಬ ಹಡಗಿನಿಂದ ಇದನ್ನು ಪರೀಕ್ಷಿಸಿ ನೋಡಿದವು. ತಳದಲ್ಲಿ ಸುಮಾರು 4,500 ಟನ್ ಒಟ್ಟುಗೂಡಿತು. 3,000 ಟನ್‌ಗೂ ಹೆಚ್ಚು ಮೇಲೆ ಬಂತು. ಯಂತ್ರ ಕೆಲಸ ಮಾಡುತ್ತದೆ ಎಂಬುದರಲ್ಲಿ ಈಗ ಅನುಮಾನವಿಲ್ಲ.

ಇನ್ನು ಅಲ್ಲಿ ಬದುಕಿರುವವರ ಮಾತು. ಕತ್ತಲು, ವಿಪರೀತ ಒತ್ತಡ, ಮೇಲಿನಿಂದ ಉದುರುವ ಚೂರುಪಾರು ಆಹಾರ. ಇಷ್ಟರಲ್ಲೇ ಆ ವಲಯದಲ್ಲಿ ಬದುಕುವ ಬಹುಕೋಶ ಪ್ರಾಣಿಗಳ ಪ್ರಭೇದಗಳು 5,500ಕ್ಕೂ ಹೆಚ್ಚೆಂದು 2023ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದರು. ಅವುಗಳಲ್ಲಿ ಹತ್ತಕ್ಕೆ ಒಂಬತ್ತರಷ್ಟಕ್ಕೆ ಇನ್ನೂ ವೈಜ್ಞಾನಿಕ ಹೆಸರೇ ಇಲ್ಲ. ಅವುಗಳಲ್ಲಿ ಎಷ್ಟೋ ಜೀವಿಗಳಿಗೆ ಆ ಗಂಟೇ ನೆಲೆ. ಮೆತ್ತನೆಯ ಕೆಸರಿನ ನಡುವೆ ಅಂಟಿಕೊಳ್ಳಲು ಸಿಗುವ ಗಟ್ಟಿ ಜಾಗ ಅದೊಂದೇ. ಸ್ಪಂಜುಗಳು, ಹವಳದ ಜಾತಿಯವು ಅದರ ಮೇಲೆ ಬೇರೂರುತ್ತವೆ. ಪೆರುವಿನಾಚೆಯ ಆಳದಲ್ಲಿ ಬಿಳಿಚಿಕೊಂಡ ಆಕ್ಟೋಪಸ್ ಒಂದು, ನಾಡ್ಯೂಲಿಗೆ ಅಂಟಿದ ಸತ್ತ ಸ್ಪಂಜಿನ ಕಾಂಡದ ಮೇಲೆ ಮೊಟ್ಟೆಯಿಟ್ಟು, ಅದನ್ನು ಸುತ್ತಿಕೊಂಡು ಕಾವಲು ಕೂತಿದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಆ ತಣ್ಣನೆಯ ನೀರಿನಲ್ಲಿ ಮರಿಯಾಗಲು ವರ್ಷಗಳೇ ಬೇಕು. ಗಂಟು ಹೋದರೆ ಸ್ಪಂಜಿಲ್ಲ, ಸ್ಪಂಜಿಲ್ಲದಿದ್ದರೆ ಮೊಟ್ಟೆಗೆ ಜಾಗವಿಲ್ಲ. ಹೊಸ ಗಂಟು ಬೆಳೆಯಲು ಹತ್ತಾರು ಲಕ್ಷ ವರ್ಷ.

'ಹಾನಿ ಆಗಬಹುದು' ಎಂಬ ಊಹೆಯ ಹಂತವನ್ನು ವಿಜ್ಞಾನ ಎಂದೋ ದಾಟಿದೆ. 1989ರಲ್ಲಿ ಜರ್ಮನಿಯ ವಿಜ್ಞಾನಿಗಳು ಪೆರುವಿನಾಚೆ 4,100 ಮೀಟರಿಗಿಂತ ಆಳದಲ್ಲಿ, ಸುಮಾರು 11 ಚದರ ಕಿಲೋಮೀಟರ್ ಜಾಗದಲ್ಲಿ ಎಂಟು ಮೀಟರ್ ಅಗಲದ ನೇಗಿಲಿನಂಥ ಉಪಕರಣವನ್ನು 78 ಸಲ ಎಳೆದಾಡಿ ನೋಡಿದರು. 2015ರಲ್ಲಿ, ಎಂದರೆ 26 ವರ್ಷಗಳ ಮೇಲೆ, ಮತ್ತೆ ಅಲ್ಲಿಗೆ ಹೋದರೆ ಗೀರುಗಳು ನಿನ್ನೆ ಮೊನ್ನೆ ಎಳೆದಷ್ಟು ಸ್ಪಷ್ಟವಾಗಿ ಕಂಡವು. ಮಣ್ಣಿನ ಸೂಕ್ಷ್ಮಜೀವಿಗಳ ಚಟುವಟಿಕೆಯೂ ಸಹಜ ಸ್ಥಿತಿಗೆ ಮರಳಿರಲಿಲ್ಲ. ಪೆಸಿಫಿಕ್ಕಿನ ಇನ್ನೊಂದು ಕಡೆ 1979ರಲ್ಲಿ ಗಣಿ ಯಂತ್ರ ಓಡಿಸಿದ ಜಾಗವನ್ನು ನಾಲ್ಕು ದಶಕದ ಮೇಲೆ ಪರೀಕ್ಷಿಸಿದ ವರದಿ 2025ರಲ್ಲಿ ಬಂತು. ಕೆಲವು ಸಣ್ಣ ಜೀವಿಗಳು ಮರಳಿ ನೆಲೆಸತೊಡಗಿವೆ, ಆದರೆ ಯಂತ್ರದ ಜಾಡು ಹಾಗೇ ಇದೆ. 2022ರ ಪರೀಕ್ಷೆಯ ಜಾಡಿನಲ್ಲಿ ತಳದ ಪ್ರಾಣಿಗಳ ಸಂಖ್ಯೆ ಶೇ. 37ರಷ್ಟು, ಪ್ರಭೇದಗಳು ಶೇ. 32ರಷ್ಟು ಇಳಿದವೆಂದು 2025ರ ಕೊನೆಗೆ ಪ್ರಕಟವಾದ ಅಧ್ಯಯನ ತಿಳಿಸಿತು.

ಕಂಪನಿಗಳ ಪರವಾದ ಸಂಗತಿಯನ್ನೂ ಹೇಳಬೇಕು. ಎದ್ದ ಕೆಸರು ಸಾಗರವನ್ನೆಲ್ಲ ಮುಚ್ಚಿಬಿಡುತ್ತದೆ ಎಂಬ ಭಯವಿತ್ತು. ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯವರು ಯಂತ್ರದ ಹಿಂದೆಯೇ ಅಳೆದು ನೋಡಿದಾಗ, ಎದ್ದ ಮಣ್ಣಿನಲ್ಲಿ ಶೇ. 90ಕ್ಕಿಂತ ಹೆಚ್ಚು ಭಾಗ ತಳದಿಂದ ಎರಡು ಮೀಟರ್ ಒಳಗೇ ಉಳಿದಿತ್ತು. ನಡುನೀರಿಗೆ ಬಿಡುವ ರಾಡಿಯ ವಿಷಯ ಬೇರೆ. ಅಲ್ಲಿ ತೇಲುವ ಪುಟ್ಟ ಜೀವಿಗಳ ಆಹಾರಕ್ಕೆ ಅದು ಹೊಡೆತ ಕೊಡುತ್ತದೆಂಬ ಪುರಾವೆ ಬರುತ್ತಿದೆ. ಮೇಲಾಗಿ ಪರೀಕ್ಷೆಗಳೆಲ್ಲ ನಡೆದದ್ದು ದಿನಗಳ ಲೆಕ್ಕದಲ್ಲಿ, ಚೂರುಪಾರು ಜಾಗದಲ್ಲಿ. ಗಣಿಗಾರಿಕೆ ನಡೆಯುವುದು ದಶಕಗಳ ಕಾಲ, ಸಾವಿರಾರು ಚದರ ಕಿಲೋಮೀಟರ್‌ಗಳಲ್ಲಿ.

ಇಷ್ಟು ಕೇಳಿದ ಮೇಲೆ ಅಣ್ಣನ ಮಗ, 'ಅತ್ತೆ, ಇದು ಪರಿಸರದ ವಿಷಯ ಆಯ್ತು. ನಾನು ಕೇಳಿದ್ದು ದುಡ್ಡಿನ ವಿಷಯ' ಅಂದ. ನನಗೆ ಹೇಳುವುದಿದ್ದದ್ದು ಇಲ್ಲೇ. ಇವೆರಡನ್ನೂ ಬೇರೆ ಬೇರೆ ಕಡತದಲ್ಲಿ ಇಡುವುದೇ ತಪ್ಪು.

ಕೆಲವು ವರ್ಷ ನಾನು ಹೊಸಪೇಟೆಯಲ್ಲಿ ಕೆಲಸ ಮಾಡಿದೆ. ಅದಿರು ಚೀನಾಕ್ಕೆ ಹೋಗುತ್ತಿದ್ದ ಕಾಲ. ಹೊಲ ಮಾರಿ, ಮನೆಯವರ ಒಡವೆ ಅಡವಿಟ್ಟು ಲಾರಿ ಕೊಂಡವರು ಅಲ್ಲಿ ಓಣಿಗೊಬ್ಬರಿದ್ದರು. 2011ರ ಜುಲೈ 27ಕ್ಕೆ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಸಲ್ಲಿಕೆಯಾಯಿತು. ಎರಡು ದಿನಕ್ಕೆ, 29ರಂದು, ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತು. ಹೆದ್ದಾರಿ ಬದಿಯಲ್ಲಿ ಲಾರಿಗಳು ಸಾಲಾಗಿ ನಿಂತವು; ಕೆಲವು ತಿಂಗಳಲ್ಲಿ ಒಂದೊಂದರದೇ ಟೈರು ಕಾಣೆಯಾಗತೊಡಗಿದವು. ಲಾರಿ ಮಾಲೀಕನೊಬ್ಬ, ತಾನೇ ಓಡಿಸುತ್ತಿದ್ದವನು, ಆರ್‌ಸಿ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಂದು ನನ್ನ ಮೇಜಿನ ಮೇಲಿಟ್ಟು, 'ಕಂತು ಕಟ್ಟಾಕ ಆಗಂಗಿಲ್ಲ. ಲಾರಿ ನೀವೇ ಇಟ್ಕೊಳ್ರಿ ಮೇಡಂ' ಎಂದ. ಅವನ ಕಾಗದಗಳಲ್ಲಿ ಕುಂದು ಹೇಳುವಂಥದ್ದು ಏನೂ ಇರಲಿಲ್ಲ. ಪರ್ಮಿಟ್, ವಿಮೆ, ಆದಾಯ, ಹಿಂದಿನ ಸಾಲದ ಮರುಪಾವತಿ ಎಲ್ಲ ಸರಿ. ಯಾವುದೋ ಗಣಿಯವನು ಅರಣ್ಯದ ಗಡಿಕಲ್ಲು ಕಿತ್ತು ಅದಿರು ತೆಗೆದದ್ದಕ್ಕೆ ಇವನ ಕಂತು ನಿಂತಿತು. ಕುದುರೆಮುಖದಲ್ಲೂ ಅದಿರು ಮುಗಿದು ಗಣಿ ನಿಂತದ್ದಲ್ಲ; ಕಾಡಿನ ಮತ್ತು ಭದ್ರಾ ನದಿಗೆ ಸೇರುತ್ತಿದ್ದ ಹೂಳಿನ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ನಿಂತು, 2005ರ ಡಿಸೆಂಬರ್ 31ಕ್ಕೆ ಕೆಲಸ ಬಂದ್ ಆಯಿತು. ಪಣಂಬೂರಿಗೆ ಅದಿರಿನ ರಾಡಿ ತರುತ್ತಿದ್ದ 67 ಕಿಲೋಮೀಟರ್ ಕೊಳವೆ ಇದ್ದ ಹಾಗೇ ಖಾಲಿ ಬಿತ್ತು.

ನೆಲದ ಮೇಲಿನ ಗಣಿಯಲ್ಲಿ ಗಾಯ ಕಣ್ಣಿಗೆ ಬೀಳುತ್ತದೆ. ಹೂಳು ಹೊಳೆಗೆ ಬಂದರೆ ಊರವರು ಕೇಳುತ್ತಾರೆ, ಕೋರ್ಟಿಗೆ ಹೋಗುತ್ತಾರೆ; ಗಿಡ ನೆಡಲು, ತಡೆಗೋಡೆ ಕಟ್ಟಲು ಇಷ್ಟು ಖರ್ಚಾಗುತ್ತದೆಂದು ಒಬ್ಬ ಎಂಜಿನಿಯರ್ ಅಂದಾಜು ಕೊಡಬಲ್ಲ. ಆ ಅಂದಾಜು ಇದ್ದರೆ ಸಾಲ ಕೊಡುವವರು ಅದನ್ನು ಲೆಕ್ಕಕ್ಕೆ ಸೇರಿಸಬಹುದು. ನಾಲ್ಕು ಕಿಲೋಮೀಟರ್ ನೀರಿನ ಕೆಳಗೆ ಹಾಳಾದದ್ದನ್ನು ಸರಿಮಾಡುವ ವಿಧಾನ ಇವತ್ತಿಗೆ ಯಾರ ಬಳಿಯೂ ಇಲ್ಲ. ವಿಧಾನ ಇಲ್ಲದ ಮೇಲೆ ಖರ್ಚಿನ ಅಂದಾಜೂ ಇಲ್ಲ. ಲೆಕ್ಕಪತ್ರದಲ್ಲಿ ಆ ಜಾಗ ಖಾಲಿ ಉಳಿಯುತ್ತದೆ, ನೋಡುವವರು ಅದನ್ನು ಸೊನ್ನೆ ಎಂದು ಓದಿಕೊಳ್ಳುತ್ತಾರೆ. ದಿ ಮೆಟಲ್ಸ್ ಕಂಪನಿ 2025ರ ಆಗಸ್ಟ್‌ನಲ್ಲಿ ತನ್ನ ಯೋಜನೆಗಳ ಇಂದಿನ ಮೌಲ್ಯ ಒಟ್ಟು 2,360 ಕೋಟಿ ಡಾಲರ್ ಎಂದು ಪ್ರಕಟಿಸಿತು. ಇಂಥ ಲೆಕ್ಕಗಳಲ್ಲಿ ಲೋಹದ ಬೆಲೆ, ಹಡಗಿನ ಬಾಡಿಗೆ, ಇಂಧನ, ತೆರಿಗೆ ಎಲ್ಲಕ್ಕೂ ಸಾಲು ಇರುತ್ತದೆ. ಮರಳಿ ಬಾರದ ಜೀವಜಾಲಕ್ಕೆ ಇರುವುದಿಲ್ಲ.

ಈ ಖಾಲಿ ಜಾಗ ಮೊದಲು ಯಾರನ್ನು ಸುಟ್ಟಿತೆಂದರೆ ಪಪುವಾ ನ್ಯೂ ಗಿನಿಯನ್ನು. ಅಲ್ಲಿನ ಬಿಸ್ಮಾರ್ಕ್ ಸಮುದ್ರದಲ್ಲಿ, ಸುಮಾರು 1,600 ಮೀಟರ್ ಆಳದ ಬಿಸಿನೀರಿನ ಬುಗ್ಗೆಗಳ ಬಳಿ ತಾಮ್ರ, ಚಿನ್ನ ತೆಗೆಯಲು ನಾಟಿಲಸ್ ಮಿನರಲ್ಸ್ ಎಂಬ ಕೆನಡಾ ಕಂಪನಿಗೆ 2011ರಲ್ಲಿ ಗಣಿ ಗುತ್ತಿಗೆ ಸಿಕ್ಕಿತು. ಯೋಜನೆಯ ಹೆಸರು ಸೋಲ್‌ವಾರಾ 1. ಸರ್ಕಾರ ತಾನೇ ಶೇ. 15ರ ಪಾಲು ಕೊಂಡಿತು. ಹತ್ತಿರದ ನ್ಯೂ ಐರ್ಲೆಂಡ್ ದ್ವೀಪದ ಪಶ್ಚಿಮ ಕರಾವಳಿಯಲ್ಲಿ, ತೆಂಗಿನ ಚಿಪ್ಪುಗಳ ಗಿಲಕಿಯನ್ನು ನೀರಿನಲ್ಲಿ ಆಡಿಸಿ ಶಾರ್ಕ್‌ಗಳನ್ನು ದೋಣಿಯ ಬಳಿಗೆ ಕರೆಯುವ ಮೀನುಗಾರರಿದ್ದಾರೆ. ಗಣಿ ಬಂದರೆ ಶಾರ್ಕ್ ಬರುವುದಿಲ್ಲ ಎಂದು ಅವರು ಎದ್ದು ನಿಂತರು. ಚರ್ಚುಗಳು, ವಕೀಲರು ಜೊತೆಗೂಡಿದರು. ಯಂತ್ರಗಳು ಸಿದ್ಧವಾಗಿ ಬಂದಿದ್ದವು, ಹಡಗು ಚೀನಾದ ಕಟ್ಟೆಯಲ್ಲಿ ಅರ್ಧಕ್ಕೆ ನಿಂತಿತು, ಹೊಸ ಹಣ ಹುಟ್ಟಲಿಲ್ಲ. 2019ರಲ್ಲಿ ಕಂಪನಿ ದಿವಾಳಿ. ಷೇರುದಾರರ ಕೈಗೆ ಬಂದದ್ದು ಸೊನ್ನೆ. ಆಸ್ಪತ್ರೆಗೆ ಔಷಧಿ ಒದಗಿಸಲೂ ಏದುಸಿರು ಬಿಡುವ ಆ ದೇಶದ ಬೊಕ್ಕಸದಿಂದ 37.5 ಕೋಟಿ ಕಿನಾ, ಅಂದಾಜು 12 ಕೋಟಿ ಡಾಲರ್, ಹೋಯಿತು. ಸಮುದ್ರದ ತಳದಿಂದ ಮಾರಾಟಕ್ಕೆಂದು ಒಂದು ಟನ್ ಅದಿರೂ ಮೇಲೆ ಬರಲಿಲ್ಲ. ಈ ಕಥೆ ಓದುವಾಗ ನನಗೆ ಸಿಟ್ಟು ಬರುತ್ತದೆ, ಆ ಶೇ. 15ರ ಪಾಲನ್ನು ಬೇಡವೆನ್ನುವ ಅವಕಾಶ ಶಾರ್ಕ್ ಕರೆಯುವವರಿಗೆ ಯಾರೂ ಕೊಟ್ಟಿರಲಿಲ್ಲ.

ಈಗ ಅಣ್ಣನ ಮಗನ ಷೇರಿಗೆ ಬರೋಣ. 2021ರ ಸೆಪ್ಟೆಂಬರ್‌ನಲ್ಲಿ ಈ ಕಂಪನಿ, ಆಗಲೇ ಷೇರು ಪೇಟೆಯಲ್ಲಿದ್ದ ಖಾಲಿ ಕಂಪನಿಯೊಂದರ ಜೊತೆ ವಿಲೀನವಾಗಿ ಪ್ರತಿ ಷೇರಿಗೆ 10 ಡಾಲರ್ ಲೆಕ್ಕದಲ್ಲಿ ಒಳಬಂತು. ಖಾಸಗಿ ಹೂಡಿಕೆದಾರರು 33 ಕೋಟಿ ಡಾಲರ್ ಕೊಡುವುದಾಗಿ ಒಪ್ಪಿದ್ದರು. ಬಂದದ್ದು ಸುಮಾರು 11 ಕೋಟಿ. 2022ರ ಕೊನೆಗೆ ಷೇರಿನ ಬೆಲೆ ಒಂದು ಡಾಲರ್‌ಗಿಂತ ಕೆಳಗೆ. 2025ರ ಏಪ್ರಿಲ್ 24ರಂದು ಅಮೆರಿಕದ ಅಧ್ಯಕ್ಷ ಟ್ರಂಪ್ ಸಮುದ್ರತಳದ ಖನಿಜಗಳಿಗೆ ಬೇಗ ಪರವಾನಗಿ ಕೊಡಿ ಎಂಬ ಆದೇಶಕ್ಕೆ ಸಹಿ ಹಾಕಿದ ಮೇಲೆ ಅದು ಹಲವು ಪಟ್ಟು ಏರಿತು. ಕೊರಿಯಾ ಜಿಂಕ್ 8.5 ಕೋಟಿ ಡಾಲರ್ ಹಾಕಿತು. ಈ ಏರಿಳಿತದ ಉದ್ದಕ್ಕೂ ಗಣಿಯಿಂದ ಕಂಪನಿಗೆ ಬಂದ ಆದಾಯ ಏನೂ ಇಲ್ಲ. ಷೇರನ್ನು ಏರಿಸಿದ್ದು ಒಂದು ಸಹಿ. ಇನ್ನೊಂದು ಸಹಿ ಅದನ್ನು ಇಳಿಸಬಲ್ಲದು.

ಆ ಸಹಿಯ ಬಲ ಎಷ್ಟು ಎಂಬುದೂ ಪ್ರಶ್ನೆ. ಯಾವ ದೇಶದ ಗಡಿಗೂ ಸೇರದ ಸಮುದ್ರತಳ ಇಡೀ ಮನುಕುಲದ ಸೊತ್ತಾಗಬೇಕೆಂದು ಮಾಲ್ಟಾದ ರಾಯಭಾರಿ ಆರ್ವಿಡ್ ಪಾರ್ಡೊ 1967ರಲ್ಲಿ ವಿಶ್ವಸಂಸ್ಥೆಯಲ್ಲಿ ವಾದಿಸಿದರು. 1982ರ ಸಮುದ್ರ ಕಾನೂನು ಒಪ್ಪಂದ ಅದನ್ನೇ ನಿಯಮ ಮಾಡಿತು. ಆ ತಳದ ಉಸ್ತುವಾರಿಗೆ 1994ರಲ್ಲಿ ಜಮೈಕಾದ ಕಿಂಗ್‌ಸ್ಟನ್‌ನಲ್ಲಿ ಅಂತರರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರ ಶುರುವಾಯಿತು. ಶೋಧಕ್ಕೆ ಅದು ಪರವಾನಗಿ ಕೊಡುತ್ತ ಬಂದಿದೆ. ಗಣಿಗಾರಿಕೆಯ ನಿಯಮಾವಳಿಯನ್ನು ಮಾತ್ರ ವರ್ಷಗಟ್ಟಲೆ ಚರ್ಚಿಸಿಯೂ ಮುಗಿಸಲು ಆಗಿಲ್ಲ. ಈ ಕಂಪನಿಯ ಬೆಂಬಲಕ್ಕೆ ನಿಂತ ನವುರು ದೇಶ, ಅದನ್ನು ಮುಗಿಸಲು 2021ರ ಜೂನ್‌ನಲ್ಲಿ ಎರಡು ವರ್ಷದ ಗಡುವು ಹಾಕಿತು, ಆ ಗಡುವೂ ಕಳೆಯಿತು. ಆಗ ಕಂಪನಿ ದಾರಿ ಬದಲಿಸಿ, ಒಪ್ಪಂದಕ್ಕೆ ಸೇರದ ಅಮೆರಿಕದ 1980ರ ಕಾನೂನೊಂದರ ಅಡಿಯಲ್ಲಿ 2025ರ ಏಪ್ರಿಲ್‌ನಲ್ಲಿ ಅರ್ಜಿ ಹಾಕಿತು. ಪ್ರಾಧಿಕಾರವನ್ನು ಬದಿಗಿಟ್ಟು ತೆಗೆದ ಖನಿಜದ ಮೇಲಿನ ಹಕ್ಕನ್ನು ಒಪ್ಪಂದಕ್ಕೆ ಸೇರಿದ ದೇಶಗಳು ಮಾನ್ಯ ಮಾಡುವಂತಿಲ್ಲ. ಹಡಗಿನ ಪಾಲುದಾರ ಸ್ವಿಟ್ಜರ್ಲೆಂಡಿನದು. ಗಂಟುಗಳನ್ನು ಕರಗಿಸಲು ನೆಚ್ಚಿಕೊಂಡ ಕಾರ್ಖಾನೆ ಜಪಾನಿನದು. ಎರಡೂ ದೇಶ ಒಪ್ಪಂದದ ಒಳಗಿವೆ. ಅಡಮಾನಕ್ಕೆ ತಂದ ಆಸ್ತಿಯ ಹಕ್ಕುಪತ್ರದ ಬಗ್ಗೆ ಇಷ್ಟು ತಕರಾರಿದ್ದರೆ ನಾನು ಕಡತವನ್ನು ಕಾನೂನು ವಿಭಾಗಕ್ಕೆ ಕಳಿಸಿ, ಉತ್ತರ ಬರುವವರೆಗೆ ಒಂದು ರೂಪಾಯಿಯನ್ನೂ ಬಿಡುಗಡೆ ಮಾಡುತ್ತಿರಲಿಲ್ಲ.

ಹಾನಿಯಾದರೆ ಹೊಣೆ ಯಾರದು ಎಂಬುದು ಇನ್ನೂ ತೊಡಕಿನದು. ನವುರು 21 ಚದರ ಕಿಲೋಮೀಟರ್ ದ್ವೀಪ, ಜನ ಹನ್ನೆರಡು ಸಾವಿರದಷ್ಟು. ಆಸ್ಟ್ರೇಲಿಯಾ, ನ್ಯೂಜಿಲೆಂಡಿನ ಹೊಲಗಳಿಗೆ ಗೊಬ್ಬರವಾಗಿ ಅದರ ಫಾಸ್ಫೇಟನ್ನು ದಶಕಗಳ ಕಾಲ ಅಗೆದು ಒಯ್ದರು. ದ್ವೀಪದ ನಡುಭಾಗ ಇಂದಿಗೂ ಸುಣ್ಣಕಲ್ಲಿನ ಮೊನಚು ಕಂಬಗಳ ಬೋಳು ನೆಲ. ಆ ಪುಟ್ಟ ದೇಶವೇ ಈ ಕಂಪನಿಯ ಪ್ರಾಯೋಜಕ. ಪ್ರಾಯೋಜಕ ದೇಶದ ಹೊಣೆ ಎಲ್ಲಿಯವರೆಗೆ ಎಂದು ಕೇಳಿದ್ದಕ್ಕೆ, ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ನ್ಯಾಯಮಂಡಳಿ 2011ರ ಫೆಬ್ರವರಿ 1ರಂದು ಅಭಿಪ್ರಾಯ ಕೊಟ್ಟಿತು. ದೇಶ ತನ್ನ ಕಡೆಯಿಂದ ಸಾಕಷ್ಟು ಎಚ್ಚರ ವಹಿಸಿದ್ದರೆ ಅದು ಹೊಣೆಯಲ್ಲ. ಕಂಪನಿಯ ಬಳಿ ಹಣ ಇಲ್ಲದಿದ್ದರೆ ಪರಿಹಾರ ಕೊಡುವವರೇ ಇಲ್ಲದ ಸ್ಥಿತಿ ಬರಬಹುದು, ಅದಕ್ಕೊಂದು ನಿಧಿ ಮಾಡುವುದನ್ನು ಯೋಚಿಸಬೇಕು. ಹೀಗೆಂದರೆ ಷೇರುದಾರ ಸುರಕ್ಷಿತ ಎಂದು ಕೆಲವರು ಓದಬಹುದು. ನಾನು ಓದುವುದು ಹೀಗೆ: ಇಷ್ಟು ದೊಡ್ಡ ತೂತನ್ನು ಮುಚ್ಚದೆ ನಿಯಮಾವಳಿ ಮುಗಿಯುವುದಿಲ್ಲ, ಮುಚ್ಚುವ ದಿನ ಅದರ ಖರ್ಚು ಕಂಪನಿಗಳ ಮೇಲೇ ಬೀಳುತ್ತದೆ.

'ಆದರೆ ಅತ್ತೆ, ಇಂಡೋನೇಷ್ಯಾದಲ್ಲಿ ನಿಕ್ಕಲ್‌ಗಾಗಿ ಕಾಡು ಕಡಿಯುತ್ತಾರೆ. ಕಾಂಗೋದಲ್ಲಿ ಮಕ್ಕಳು ಕೋಬಾಲ್ಟ್ ಅಗೆಯುತ್ತಾರೆ. ಅದಕ್ಕಿಂತ ಇದು ವಾಸಿಯಲ್ಲವಾ?' ಹುಡುಗನ ಈ ಪ್ರಶ್ನೆ ಗಟ್ಟಿಯಾದದ್ದು, ಅವನು ಅದನ್ನು ಮನಸ್ಸಿನಿಂದಲೇ ಕೇಳಿದ. ಸುಲಾವೆಸಿಯ ಕಾಡು ಹೋಗುತ್ತಿರುವುದು ನಿಜ, ಕಾಂಗೋದ ಮಕ್ಕಳ ಪಾಡೂ ನಿಜ. ಆದರೆ ಸಮುದ್ರದಲ್ಲಿ ಗಣಿ ತೆರೆದರೆ ಅವು ಮುಚ್ಚುತ್ತವೆ ಎಂಬ ಭರವಸೆ ಎಲ್ಲಿದೆ? ಮಾರುಕಟ್ಟೆಗೆ ಲೋಹ ಹೆಚ್ಚು ಬಂದರೆ ಬೆಲೆ ಇಳಿಯುತ್ತದೆ. ಇಳಿದಾಗ ಮೊದಲು ಬಾಗಿಲು ಹಾಕುವುದು ಖರ್ಚು ಜಾಸ್ತಿ ಇರುವ ಗಣಿ, ಎಂದರೆ ಕೂಲಿಯನ್ನೂ ಕಾನೂನನ್ನೂ ಸರಿಯಾಗಿ ಪಾಲಿಸುವ ಗಣಿ. ಇಂಡೋನೇಷ್ಯಾದ ನಿಕ್ಕಲ್ ಹೊಳೆಯಾಗಿ ಹರಿದಾಗ ಬಿಎಚ್‌ಪಿ ಕಂಪನಿ 2024ರಲ್ಲಿ ನಿಲ್ಲಿಸಿದ್ದು ಆಸ್ಟ್ರೇಲಿಯಾದ ತನ್ನ ನಿಕ್ಕಲ್ ಘಟಕಗಳನ್ನು. ನೆಲದ ಗಾಯಕ್ಕೆ ಸಮುದ್ರದ ಗಾಯ ಸೇರಿಕೊಳ್ಳುವ ಸಾಧ್ಯತೆಯೇ ನನಗೆ ಹೆಚ್ಚಾಗಿ ಕಾಣುತ್ತದೆ.

ಅದಿರಲಿ, ಆ ಲೋಹಗಳೇ ಎಷ್ಟು ಬೇಕಾಗುತ್ತವೆ ಎಂಬುದು ಮಾರಾಟದ ಮಾತಿನಲ್ಲಿ ಕೇಳುವಷ್ಟು ನಿಶ್ಚಿತವಲ್ಲ. ಲಿಥಿಯಂ-ಕಬ್ಬಿಣ-ಫಾಸ್ಫೇಟ್ ಬ್ಯಾಟರಿಯಲ್ಲಿ ನಿಕ್ಕಲ್ಲೂ ಇಲ್ಲ, ಕೋಬಾಲ್ಟೂ ಇಲ್ಲ. 2024ರಲ್ಲಿ ಜಗತ್ತಿನ ವಿದ್ಯುತ್ ವಾಹನಗಳ ಬ್ಯಾಟರಿಯಲ್ಲಿ ಹೆಚ್ಚುಕಡಿಮೆ ಅರ್ಧಪಾಲು ಅದರದೇ ಆಗಿತ್ತು. ನಮ್ಮ ಬೀದಿಯಲ್ಲಿ ನಿಲ್ಲುವ ನೆಕ್ಸಾನ್ ಇವಿ ಕಾರಿನದೂ ಅದೇ ಬಗೆಯ ಬ್ಯಾಟರಿ. ಕೋಬಾಲ್ಟ್ 2022ರ ವಸಂತದಲ್ಲಿ ಟನ್ನಿಗೆ 80,000 ಡಾಲರ್ ಮುಟ್ಟಿ, 2025ರ ಶುರುವಿಗೆ ಅದರ ಮೂರರಲ್ಲೊಂದಕ್ಕಿಂತ ಕೆಳಗಿಳಿಯಿತು; ಕಾಂಗೋ ರಫ್ತು ನಿಲ್ಲಿಸಿದ ಮೇಲೆ ಮತ್ತೆ ಏರಿತು. ಇಪ್ಪತ್ತು ಮೂವತ್ತು ವರ್ಷದ ಯೋಜನೆಗೆ ಇಂಥ ಬೆಲೆಯನ್ನು ನಂಬಿ ಲೆಕ್ಕ ಕಟ್ಟುವುದು ಎದೆಗಾರಿಕೆಯ ಕೆಲಸ.

ದೊಡ್ಡ ದುಡ್ಡಿನವರು ಏನು ಮಾಡುತ್ತಿದ್ದಾರೆ ಎಂದೂ ನೋಡಿದೆ. ಬಿಎಂಡಬ್ಲ್ಯು, ವೋಲ್ವೊ, ಗೂಗಲ್, ಸ್ಯಾಮ್‌ಸಂಗ್ ಎಸ್‌ಡಿಐ 2021ರಲ್ಲೇ, ವಿಜ್ಞಾನ ಸ್ಪಷ್ಟವಾಗುವವರೆಗೆ ಸಮುದ್ರತಳದ ಲೋಹ ಕೊಳ್ಳುವುದಿಲ್ಲ, ಅದಕ್ಕೆ ಹಣವನ್ನೂ ಕೊಡುವುದಿಲ್ಲ ಎಂದವು. ಹಡಗು ಸಾಗಣೆಯ ದೈತ್ಯ ಮೆರ್ಸ್ಕ್ ದಿ ಮೆಟಲ್ಸ್ ಕಂಪನಿಯಲ್ಲಿದ್ದ ತನ್ನ ಪಾಲನ್ನು 2023ರ ಹೊತ್ತಿಗೆ ಮಾರಿ ಹೊರಬಂತು. ಅದೇ ವರ್ಷ 36 ಹಣಕಾಸು ಸಂಸ್ಥೆಗಳು, ಒಟ್ಟು 3.3 ಲಕ್ಷ ಕೋಟಿ ಯೂರೋ ನಿರ್ವಹಿಸುವಂಥವು, ಅಪಾಯ ಪೂರ್ತಿ ಅರಿವಾಗುವವರೆಗೆ ಮುಂದುವರಿಯಬೇಡಿ ಎಂದು ಸರ್ಕಾರಗಳಿಗೆ ಬರೆದವು. ಲಾಕ್‌ಹೀಡ್ ಮಾರ್ಟಿನ್‌ನಿಂದ ಗಣಿ ಶೋಧದ ಪರವಾನಗಿಗಳನ್ನು ಕೊಂಡಿದ್ದ ನಾರ್ವೆಯ ಲೋಕೆ ಮರೀನ್ ಮಿನರಲ್ಸ್ 2025ರ ಏಪ್ರಿಲ್‌ನಲ್ಲಿ ದಿವಾಳಿಯಾಯಿತು.

ಹುಡುಗನಿಗೆ ನಾನು ಕೊಟ್ಟ ಉತ್ತರ: ಬೇಡ. ಷೇರು ಇನ್ನೂ ಏರಬಹುದು, ಅದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಏರಿದರೂ ಇಳಿದರೂ ಅದು ಗಣಿಯ ಲಾಭದಿಂದ ಆಗುವುದಲ್ಲ, ವಾಷಿಂಗ್ಟನ್ ಮತ್ತು ಕಿಂಗ್‌ಸ್ಟನ್‌ನ ಸುದ್ದಿಯಿಂದ. ಅಷ್ಟು ಮಾತ್ರವಾಗಿದ್ದರೆ ಜೂಜು ಎಂದು ಬಿಟ್ಟುಬಿಡುತ್ತಿದ್ದೆ. ಹೆಸರೇ ಇಡದ ಸಾವಿರಾರು ಜೀವಿಗಳ ನೆಲೆಯನ್ನು ಪಣಕ್ಕಿಟ್ಟ ಜೂಜು ಇದು. ಅದರಲ್ಲಿ ನಮ್ಮ ಮನೆಯ ಹಣ ಇರಬಾರದು ಎಂಬುದು ನನ್ನ ಮಾತು, ಅದನ್ನು ಅವನಿಗೆ ಹಾಗೆಯೇ ಹೇಳಿದೆ.

ಷೇರು ಕೊಳ್ಳದಿದ್ದರೂ ನಾವೆಲ್ಲ ಈ ವ್ಯವಹಾರದಲ್ಲಿ ಪಾಲುದಾರರು ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ನಮ್ಮ ದೇಶದ 'ಗವೇಷಣಿ' ಎಂಬ ಹಡಗು 1981ರ ಗಣರಾಜ್ಯೋತ್ಸವದ ದಿನ ಹಿಂದೂ ಮಹಾಸಾಗರದ ತಳದಿಂದ ನಮ್ಮ ಮೊದಲ ನಾಡ್ಯೂಲ್‌ಗಳನ್ನು ಎತ್ತಿತು. 1987ರಲ್ಲಿ ಸಮುದ್ರತಳದ ಗಣಿಗಾರಿಕೆಗೆ ಜಗತ್ತಿನಲ್ಲೇ ಮೊದಲ 'ಅಗ್ರಗಾಮಿ ಹೂಡಿಕೆದಾರ' ಎಂದು ನೋಂದಣಿಯಾದ ದೇಶ ಭಾರತ. ಕನ್ಯಾಕುಮಾರಿಯ ದಕ್ಷಿಣಕ್ಕೆ ಬಹುದೂರದ ಮಧ್ಯ ಹಿಂದೂ ಮಹಾಸಾಗರದಲ್ಲಿ 75,000 ಚದರ ಕಿಲೋಮೀಟರ್ ಇಂದು ನಮ್ಮ ಶೋಧದ ಪಾಲು. ಅಲ್ಲಿ 38 ಕೋಟಿ ಟನ್ ನಾಡ್ಯೂಲ್ ಇದೆಯೆಂದು ಅಂದಾಜು. 2021ರಲ್ಲಿ ಒಪ್ಪಿಗೆ ಸಿಕ್ಕ ಆಳ ಸಾಗರ ಯೋಜನೆಗೆ ಐದು ವರ್ಷಕ್ಕೆ 4,077 ಕೋಟಿ ರೂಪಾಯಿ. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಗಣಿ ಯಂತ್ರವನ್ನು 5,270 ಮೀಟರ್ ಆಳದಲ್ಲಿ ಓಡಿಸಿ ನೋಡಿದೆ. ಆ ಎಂಜಿನಿಯರುಗಳ ಸಾಧನೆಯ ಬಗ್ಗೆ ನನಗೆ ಹೆಮ್ಮೆ ಇದೆ. ಆದರೆ ಆತಂಕವೂ ಇದೆ. ಹಿಂದೂ ಮಹಾಸಾಗರದ ಬಿಸಿನೀರ ಬುಗ್ಗೆಗಳಲ್ಲಷ್ಟೇ ಬದುಕುವ, ಕಾಲಿಗೆ ಕಬ್ಬಿಣದ ಹುರುಪೆ ಹೊದ್ದ ಬಸವನಹುಳುವೊಂದು, ಸಮುದ್ರತಳ ಗಣಿಗಾರಿಕೆಯ ಭೀತಿಯ ಕಾರಣಕ್ಕೇ ಅಳಿವಿನಂಚಿನ ಪಟ್ಟಿಗೆ ಸೇರಿದ ಮೊದಲ ಜೀವಿಯಾಯಿತು, 2019ರಲ್ಲಿ. ಅದೇ ಸಾಗರದ ಬುಗ್ಗೆಗಳ ಬಳಿಯ ಗಂಧಕಯುಕ್ತ ಅದಿರಿಗೂ ನಾವು ಶೋಧದ ಒಪ್ಪಂದ ಮಾಡಿಕೊಂಡಿದ್ದೇವೆ.

ನಮ್ಮದೇ ಗಡಿಯೊಳಗಿನ ಸಮುದ್ರವೂ ಹರಾಜಿಗೆ ಬಂತು. 2024ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ 13 ಬ್ಲಾಕ್‌ಗಳನ್ನು ಮೊದಲ ಕಂತಿನಲ್ಲಿ ಇಟ್ಟಿತು. ಏಳು ಗ್ರೇಟ್ ನಿಕೋಬಾರ್ ಬಳಿ, ಮೂರು ಗುಜರಾತಿನಾಚೆ, ಮೂರು ಕೇರಳದ ಮರಳಿನವು. ಕೊಲ್ಲಂ ಕಡಲಿನ ಮೀನುಗಾರರು ದೋಣಿ ಕಟ್ಟಿಹಾಕಿ ಪ್ರತಿಭಟಿಸಿದರು. ಮಲ್ಪೆಯಲ್ಲೂ ಮಂಗಳೂರಿನ ದಕ್ಕೆಯಲ್ಲೂ ಬೋಟಿನ ಸಾಲ ಕಟ್ಟುತ್ತಿರುವವರಿಗೆ ಈ ಸುದ್ದಿಯ ಬಿಸಿ ಹೇಳದೆಯೇ ತಿಳಿಯುತ್ತದೆ.

ಒಳ್ಳೆಯದೊಂದು ನಮ್ಮ ಕೈಯಲ್ಲೇ ಇದೆ. 1997ರಲ್ಲಿ ನಮ್ಮ ವಿಜ್ಞಾನಿಗಳು ನಮ್ಮ ಪಾಲಿನ ತಳದಲ್ಲಿ ಮೂರು ಕಿಲೋಮೀಟರ್ ಉದ್ದ, 200 ಮೀಟರ್ ಅಗಲದ ಪಟ್ಟಿಯನ್ನು ಬೇಕೆಂದೇ ಕದಡಿ, ಜೀವಿಗಳು ಎಷ್ಟು ಮರಳುತ್ತವೆಂದು ಹಲವು ವರ್ಷ ಹಿಂಬಾಲಿಸಿದ್ದರು. ಆ ಪಟ್ಟಿಗೆ ಮತ್ತೆ ಇಳಿದು ನೋಡಬಹುದು. ಕಂಡದ್ದನ್ನು ಗಣಿಯ ಯಂತ್ರದ ಫೋಟೋದಷ್ಟೇ ಅದ್ದೂರಿಯಾಗಿ, ಕನ್ನಡವೂ ಸೇರಿ ಎಲ್ಲ ಭಾಷೆಗಳಲ್ಲಿ ಪ್ರಕಟಿಸಬಹುದು. ನಮ್ಮ ನಾಡ್ಯೂಲ್ ಒಪ್ಪಂದದ ವಿಸ್ತರಿತ ಅವಧಿ 2027ರ ಮಾರ್ಚ್‌ವರೆಗೆ. ಮುಂದಿನ ಹೆಜ್ಜೆಗೆ ಮೊದಲು ಆ ಪಟ್ಟಿಯ ವರದಿ, ಗಣಿ ಮುಟ್ಟದಂತೆ ಕಾಯ್ದಿಡುವ ಜಾಗದ ನಕ್ಷೆ, ಹಾನಿಗೆ ಕಟ್ಟುವ ಠೇವಣಿಯ ಮೊತ್ತ, ಈ ಮೂರೂ ಸಂಸತ್ತಿನ ಮುಂದೆ ಬರಲಿ ಎಂದು ನಮ್ಮ ಸಂಸದರಿಗೆ ಪತ್ರ ಬರೆದಿದ್ದೇನೆ.